ಗಿಂಡಿಯಷ್ಟು ಕಾಡು

ಮೈಲಾಪೂರಿನ ಕನ್ನಡಿಗರನ್ನು ನಿಲ್ಲಿಸಿ, ‘ವುಡ್‌ಲ್ಯಾಂಡ್ಸ್ ಎಂದರೇನು?’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮಸಾಲೆದೋಸೆಯ ಕಡೆಗೇ ಕೈ ತೋರಿಸುವರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ‘ವುಡ್‌ಲ್ಯಾಂಡ್ಸ್’ ಎಂಬ ಬಂಗಲೆಯನ್ನು ಹಿಡಿದು ಹೋಟೆಲು ತೆರೆದರು. ಬಂಗಲೆಯ ಹೆಸರೇ ಹೋಟೆಲಿಗೂ ನಿಂತಿತು. 1952ರಲ್ಲಿ ನಮ್ಮ ಮೈಲಾಪೂರಿಗೆ ನ್ಯೂ ವುಡ್‌ಲ್ಯಾಂಡ್ಸ್ ಬಂದಿತು. ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ತೆರೆದ ಡ್ರೈವ್-ಇನ್ 2008ರಲ್ಲಿ ಮುಚ್ಚಿ, ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಇಷ್ಟೆಲ್ಲದರ ನಡುವೆ ಆ ಇಂಗ್ಲಿಷ್ ಮಾತಿಗೆ ‘ಕಾಡು’ ಎಂಬ ಅರ್ಥವಿದೆಯೆಂಬುದು ನಮಗೆ ಮರೆತೇಹೋಗಿತ್ತು.

ಅದನ್ನು ನೆನಪು ಮಾಡಿಕೊಟ್ಟದ್ದು ನಮ್ಮ ಮಕ್ಕಳ ಒಂದು ಪ್ರಶ್ನೆ. ಸಂಘದ ಭಾನುವಾರದ ಕನ್ನಡ ಪಾಠದಲ್ಲಿ ಮಲೆನಾಡಿನ ವರ್ಣನೆ ಬಂದಾಗ ಏಳೆಂಟು ವರ್ಷದ ಹುಡುಗನೊಬ್ಬ ಎದ್ದು ನಿಂತು, ‘ಕಾಡು ಎಂದರೆ ಪಾರ್ಕಿನ ಹಾಗೆಯೇ?’ ಎಂದು ಕೇಳಿದ. ಇಲ್ಲಿಯೇ ಹುಟ್ಟಿ ಬೆಳೆದ ಮಗು. ರಜೆಯಲ್ಲಿ ಊರಿಗೆ ಹೋದರೂ ಮದುವೆ ಮುಂಜಿಗಳ ಗಲಾಟೆಯಲ್ಲಿ ಕಾಡಿಗೆ ಕರೆದೊಯ್ಯುವವರು ಯಾರು? ಆಗುಂಬೆಗೆ ಕರೆದುಕೊಂಡು ಹೋಗುವುದು ಸುಲಭವಲ್ಲ. ಆದರೆ ಮೈಲಾಪೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿ, ಪಟ್ಟಣದ ನಟ್ಟನಡುವೆ, ನಿಜವಾದ ಒಂದು ಕಾಡು ಇದೆಯಲ್ಲ! ಅಲ್ಲಿಗೇ ಹೋಗೋಣವೆಂದು ನಿಶ್ಚಯಿಸಿದೆವು. ಅದೇ ಗಿಂಡಿ.

ಗಿಂಡಿ ಎಂದರೆ ನಮ್ಮಲ್ಲಿ ಮೂತಿಯಿರುವ ಸಣ್ಣ ನೀರಿನ ಪಾತ್ರೆ. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರವಾದ್ದರಿಂದ ನಮ್ಮ ಮಕ್ಕಳು ಹೊಸದಾಗಿ ಬೋರ್ಡು ಓದಲು ಕಲಿತಾಗ ಅದನ್ನು ‘ಕಿಂಡಿ’ ಎಂದೂ ಓದುವುದುಂಟು. ಎರಡೂ ಹೆಸರು ಆ ಕಾಡಿಗೆ ಚೆನ್ನಾಗಿಯೇ ಒಪ್ಪುತ್ತವೆ. ಗಿಂಡಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಕೇವಲ 2.70 ಚದರ ಕಿಲೋಮೀಟರು. ದೇಶದ ಅತಿ ಚಿಕ್ಕ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು. ಬೆಂಗಳೂರಿನ ಲಾಲ್‌ಬಾಗನ್ನು ಕಂಡವರಿಗೆ ಹೇಳುವುದಾದರೆ ಮೂರು ಲಾಲ್‌ಬಾಗಿಗೆ ತುಸು ಕಡಿಮೆ. ನಮ್ಮ ನಾಗರಹೊಳೆಯೊಳಗೆ ಇಂಥವು ಇನ್ನೂರಕ್ಕೂ ಹೆಚ್ಚು ಹಿಡಿಸುತ್ತವೆ.

ಜನವರಿಯ ಕೊನೆಯ ಒಂದು ಬೆಳಿಗ್ಗೆ ನಾಲ್ಕು ಸಂಸಾರಗಳು, ಮಕ್ಕಳು ಮರಿ ಸೇರಿ ಹದಿನೇಳು ಮಂದಿ, ತಿರುಮಯಿಲೈ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಮಂದವೇಲಿ, ಗ್ರೀನ್‌ವೇಸ್ ರಸ್ತೆ ದಾಟಿದರೆ ಅಡ್ಯಾರ್ ನದಿ. ನದಿ ದಾಟಿದ ಕೂಡಲೇ ಕೋಟ್ಟೂರುಪುರಂ. ಅಲ್ಲಿಂದ ಆಟೋದಲ್ಲಿ ಗಾಂಧಿಮಂಟಪ ರಸ್ತೆಯಲ್ಲಿ, ಅಣ್ಣಾ ಶತಮಾನೋತ್ಸವ ಗ್ರಂಥಾಲಯವನ್ನೂ ಬಿರ್ಲಾ ತಾರಾಲಯವನ್ನೂ ದಾಟಿ ಸರ್ದಾರ್ ಪಟೇಲ್ ರಸ್ತೆಗೆ ಬಂದರೆ ಎದುರಿಗೇ ಹಸಿರು. ಬಸ್ಸುಗಳ ಹಾರನ್ನು ಕಿವಿಗೆ ಅಪ್ಪಳಿಸುತ್ತಿರುವಾಗಲೇ ಗೋಡೆಯ ಆಚೆ ತಾಳೆಮರಗಳ ತಲೆ ಕಾಣುತ್ತದೆ.

ಇಲ್ಲಿ ಮಕ್ಕಳ ಉದ್ಯಾನಕ್ಕೂ ಹಾವಿನ ಉದ್ಯಾನಕ್ಕೂ ಟಿಕೀಟು ಪಡೆದು ಯಾರು ಬೇಕಾದರೂ ಹೋಗಬಹುದು. ಒಳಗಿನ ಕಾಡಿಗೆ ಹಾಗೆ ಪ್ರವೇಶವಿಲ್ಲ. ಅರಣ್ಯ ಇಲಾಖೆಗೆ ಮೊದಲೇ ಬರೆದು ಅನುಮತಿ ಪಡೆದು, ಅವರ ಸಿಬ್ಬಂದಿಯ ಜೊತೆಯಲ್ಲಿ, ಅವರು ತೋರಿಸಿದ ದಾರಿಯಲ್ಲಿ ನಡೆಯಬೇಕು. ಇದು ಸರಿಯಾದ ಏರ್ಪಾಡೇ. ದಿನಕ್ಕೆ ಸಾವಿರ ಜನ ನಡೆದರೆ ಇಷ್ಟು ಸಣ್ಣ ಕಾಡು ಒಂದು ವರ್ಷವೂ ಬಾಳದು.

ಹಾವಿನ ಉದ್ಯಾನದ ಬಗ್ಗೆ ಒಂದೇ ಮಾತು. ರಾಮುಲಸ್ ವಿಟೇಕರ್ ಎಂಬ ಉರಗತಜ್ಞರು ಮೊದಲು ಬೇರೆಡೆ ಆರಂಭಿಸಿ 1972ರಲ್ಲಿ ಇಲ್ಲಿಗೆ ತಂದ ಸಂಸ್ಥೆ ಅದು. ಇಲ್ಲಿಯವರು ಅದನ್ನು ‘ಪಾಂಬುಪ್ಪಣ್ಣೈ’ ಎನ್ನುತ್ತಾರೆ. ಪಾಂಬು ಎಂದರೆ ನಮ್ಮ ಹಾವು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ತಮಿಳಿನಲ್ಲಿ ಪಕಾರವಾಗಿಯೇ ಉಳಿಯಿತು. ಪುಲಿ ಹುಲಿಯಾಯಿತು, ಪುಲ್ಲು ಹುಲ್ಲಾಯಿತು, ಪುಳಿ ಹುಳಿಯಾಯಿತು. ಇದನ್ನು ಹೇಳಿಕೊಟ್ಟ ಮೇಲೆ ಮಕ್ಕಳಿಗೆ ಆ ಬೆಳಗೆಲ್ಲ ಅದೇ ಆಟ. ಕಾಡಿನ ದಾರಿಯಲ್ಲಿ ಹುಣಸೆಮರ ಕಂಡಾಗ ‘ಪುಳಿ, ಹುಳಿ’ ಎಂದು ಕೂಗಿದವರನ್ನು ಸುಮ್ಮನಿರಿಸಲು ತಾಯಂದಿರು ಬಹಳ ಕಷ್ಟಪಟ್ಟರು.

ಕಾಡಿನೊಳಗೆ ನೂರು ಹೆಜ್ಜೆ ನಡೆದಿರಬಹುದು. ಮಗನ ಮನೆಗೆಂದು ತೀರ್ಥಹಳ್ಳಿಯ ಕಡೆಯಿಂದ ಬಂದು ಆರು ವರ್ಷಗಳಿಂದ ನಮ್ಮ ನಡುವೆ ಇರುವ ಅಜ್ಜಿಯೊಬ್ಬರು ಗುಂಪಿನಲ್ಲಿದ್ದರು. ಅವರು ನಿಂತು, ಸುತ್ತ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಇದೆಂತ ಕಾಡು ಮಾರಾಯ್ರೆ? ನಮ್ಮನೆ ಹಿತ್ತಿಲೇ ಇದಕ್ಕಿಂತ ದಟ್ಟ ಇತ್ತಲ್ಲ!’ ಎಂದರು. ನಮ್ಮಲ್ಲಿ ಹಲವರ ಮನಸ್ಸಿನಲ್ಲಿದ್ದ ಮಾತೂ ಅದೇ. ಆಕಾಶ ಮುಚ್ಚುವ ಮರಗಳಿಲ್ಲ, ಹರಿಯುವ ಹಳ್ಳವಿಲ್ಲ, ಇಂಬಳವೂ ಇಲ್ಲ! ಎರಡಾಳೆತ್ತರದ ಪೊದೆಗಳು, ಮುಳ್ಳು, ನಡುನಡುವೆ ಆಲ, ಬೇವು, ತಾಳೆ. ನಮ್ಮ ಕಡೆಯಲ್ಲಾದರೆ ಇದನ್ನು ‘ಕುರುಚಲು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದೆವು.

ಆದರೆ ಇದು ಸೋತು ಸೊರಗಿದ ಮಲೆನಾಡಲ್ಲ. ಇದರ ಕುಲವೇ ಬೇರೆ. ಸಸ್ಯಶಾಸ್ತ್ರಜ್ಞರು ಇದನ್ನು ಉಷ್ಣವಲಯದ ಒಣ ನಿತ್ಯಹರಿದ್ವರ್ಣದ ಕಾಡು ಎಂದು ಕರೆಯುತ್ತಾರೆ. ಒಣಗಾಡೂ ಹೌದು, ನಿತ್ಯವೂ ಹಸಿರಾಗಿರುವುದೂ ಹೌದು ಎಂದರೆ ವಿಚಿತ್ರವೆನಿಸಬಹುದು. ಇಲ್ಲಿಯ ಮಳೆಯ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಭಾಗ ಮುಂಗಾರಿನದು. ಚೆನ್ನೈಗೆ ವರ್ಷಕ್ಕೆ ಬೀಳುವುದು ಸುಮಾರು 1300, ಅದರಲ್ಲೂ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ, ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ಉಳಿದ ಎಂಟೊಂಬತ್ತು ತಿಂಗಳು ಕಡಲ ಉಪ್ಪುಗಾಳಿ, ಬಿಸಿಲು. ಇಂಥ ಕಡೆಯಲ್ಲಿ ಎಲೆ ಉದುರಿಸಿ ಮತ್ತೆ ಚಿಗುರಿಸುವ ದುಂದುವೆಚ್ಚ ಈ ಗಿಡಗಳಿಗೆ ಹಿಡಿಸಲಿಲ್ಲ. ಎಲೆಯನ್ನು ಚಿಕ್ಕದಾಗಿ, ದಪ್ಪವಾಗಿ, ಚರ್ಮದ ಹಾಗೆ ಮಾಡಿಕೊಂಡು, ನೀರನ್ನು ಜಿಪುಣರ ಹಾಗೆ ಖರ್ಚು ಮಾಡುತ್ತ ವರ್ಷವಿಡೀ ಹಸಿರಾಗಿ ನಿಲ್ಲುತ್ತವೆ. ಕೋರಮಂಡಲ ತೀರದ ಉದ್ದಕ್ಕೂ ಒಂದು ಕಾಲಕ್ಕೆ ಈ ಬಗೆಯ ಕಾಡು ಹಬ್ಬಿತ್ತು. ಊರುಗಳು, ಗದ್ದೆಗಳು, ಗೋಡಂಬಿ ತೋಟಗಳು ಅದನ್ನು ತಿಂದು, ಈಗ ಅಲ್ಲೊಂದು ಇಲ್ಲೊಂದು ದೇವರಕಾಡಿನಲ್ಲಿಯೋ ಇಂಥ ಬೇಲಿಯೊಳಗೋ ಚೂರುಚೂರಾಗಿ ಉಳಿದಿದೆ. ಗಿಂಡಿಯ ಈ ಚೂರಿನಲ್ಲಿಯೇ ಸುಮಾರು 350 ಜಾತಿಯ ಸಸ್ಯಗಳು, 130ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇವೆಯೆಂದು ಎಣಿಸಿದ್ದಾರೆ. ನರಿ, ಮುಂಗುಸಿ, ಪುನುಗುಬೆಕ್ಕು, ನಕ್ಷತ್ರ ಆಮೆ ಇವೂ ಇವೆ. ನಮಗೆ ಕಂಡದ್ದು ಮುಂಗುಸಿಯೊಂದೇ, ಅದೂ ಬಾಲ ಮಾತ್ರ.

ಜೊತೆಗೆ ಬಂದ ಕಾವಲುಗಾರರು ಮರಗಳನ್ನು ತಮಿಳು ಹೆಸರಿನಿಂದ ತೋರಿಸುತ್ತ ಹೋದರು. ನಮ್ಮ ಹಿರಿಯರು ಅದಕ್ಕೆ ಕನ್ನಡ ಹೆಸರು ಹೊಂದಿಸುತ್ತ ಬಂದರು. ವೇಂಬು ಬೇವಾಯಿತು, ನಾವಲ್ ನೇರಳೆಯಾಯಿತು, ಕೊನ್ನೈ ಕಕ್ಕೆಯಾಯಿತು. ಆಲಕ್ಕೂ ಅತ್ತಿಗೂ ಭಾಷಾಂತರವೇ ಬೇಕಾಗಲಿಲ್ಲ. ಕಾರೈ ಎಂದಾಗ ಮೈಸೂರಿನ ಕಡೆಯ ಒಬ್ಬರು, ‘ಕಾರೆಮುಳ್ಳು! ಚಿಕ್ಕಂದಿನಲ್ಲಿ ಇದರ ಹಣ್ಣು ತಿಂದು ಶಾಲೆಗೆ ತಪ್ಪಿಸಿಕೊಂಡಿದ್ದೇವೆ’ ಎಂದು ಮಕ್ಕಳ ಮುಂದೆ ಹೇಳಬಾರದ್ದನ್ನು ಹೇಳಿಬಿಟ್ಟರು.

ಹೀಗೆ ಹೋಗುತ್ತಿರುವಾಗ ಅಜ್ಜಿ ಒಂದು ಪೊದೆಯ ಮುಂದೆ ತಾವಾಗಿಯೇ ನಿಂತರು. ಜೋಡಿ ಮುಳ್ಳು, ಎದುರುಬದುರಾಗಿ ನುಣುಪಾದ ದುಂಡೆಲೆ, ತುದಿಯಲ್ಲಿ ಮಲ್ಲಿಗೆಯಂಥ ನಾಲ್ಕಾರು ಬಿಳಿ ಹೂವು. ಬಗ್ಗಿ ಮೂಸಿ ನೋಡಿ, ‘ಇದು ಕವಳಿ ಅಲ್ಲವೇನೆ?’ ಎಂದು ಸೊಸೆಯನ್ನು ಕೇಳಿದರು. ಸೊಸೆಗೆ ತಿಳಿಯದು. ಕಾವಲುಗಾರರು, ‘ಕಳಾ, ಅಮ್ಮಾ, ಕಳಾ’ ಎಂದರು. ಆಗ ಪಕ್ಕದಲ್ಲಿದ್ದ ಮೊಮ್ಮಗಳು, ‘ಅಜ್ಜಿ, ಕಳಾಕ್ಕಾಯ್! ಮಾಡವೀದಿಯಲ್ಲಿ ರಾಶಿ ಹಾಕಿಕೊಂಡು ಮಾರುತ್ತಾರಲ್ಲ, ಅದೇ’ ಎಂದಳು. ಆರು ವರ್ಷಗಳಿಂದ ಅಜ್ಜಿ ಕಪಾಲೀಶ್ವರನ ಗುಡಿಯ ಸುತ್ತಿನ ಆ ಬೀದಿಗಳಲ್ಲಿ ತರಕಾರಿ ಕೊಳ್ಳುತ್ತಿದ್ದಾರೆ. ಪಕ್ಕದ ಬುಟ್ಟಿಯಲ್ಲಿ ಕುಳಿತಿದ್ದ ಕಾಯಿ ತಮ್ಮೂರಿನ ಕವಳಿಕಾಯಿಯ ನಂಟನೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಆಮೇಲೆ ಒಂದು ಫರ್ಲಾಂಗು ದೂರ ಕವಳಿಕಾಯಿಯ ಉಪ್ಪಿನಕಾಯಿ ಹಾಕುವ ವಿಧಾನವನ್ನು ಎಲ್ಲರೂ ಕೇಳಿದೆವು. ಕಾಯಿ ಸೀಳಿ ಹಾಲು ಹೋಗುವ ಹಾಗೆ ಉಪ್ಪುನೀರಿನಲ್ಲಿ ಹಾಕಿಡಬೇಕಂತೆ. ಕಾಡು ಹೇಗಿದೆಯೆಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ.

ಪೊದೆಗಳ ಸಾಲು ಮುಗಿದು ಹುಲ್ಲು ಬಯಲು ತೆರೆದುಕೊಳ್ಳುವಲ್ಲಿ ನಮ್ಮನ್ನು ಸದ್ದು ಮಾಡದೆ ನಿಲ್ಲಲು ಹೇಳಿದರು. ಮೊದಲು ಕಂಡದ್ದು ಚುಕ್ಕೆ ಜಿಂಕೆಗಳು; ಪುಳ್ಳಿಮಾನ್. ಹತ್ತು ಹನ್ನೆರಡು ಇದ್ದವು. ಬಯಲಿನ ಆ ಕೊನೆಯಲ್ಲಿ ಒಂಟಿಯಾಗಿ, ತಲೆಯೆತ್ತಿ ನಿಂತಿತ್ತು ಕೃಷ್ಣಮೃಗ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿಯ ಉಂಗುರ, ತಿರುಚಿದ ನೀಳ ಕೊಂಬು. ಧಾರವಾಡದ ಮಿತ್ರರೊಬ್ಬರಿಗೆ ಪಿಸುಮಾತೂ ಕಷ್ಟವಾಗಿ, ‘ಚಿಗರಿ ನೋಡ್ರಿ, ನಮ್ಮ ಚಿಗರಿ!’ ಎಂದರು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೂ ಈ ಹೆಸರನ್ನೇ ಇಟ್ಟಿದ್ದಾರೆಂದು ಓದುಗರಲ್ಲಿ ಹಲವರು ಬಲ್ಲರು. ಗಂಡು ಮಾತ್ರ ವಯಸ್ಸಾದಂತೆ ಕಪ್ಪಾಗುತ್ತದೆ. ಹೆಣ್ಣು ಕಂದು, ಸಾಮಾನ್ಯವಾಗಿ ಕೊಂಬಿಲ್ಲ. ಚುಕ್ಕೆ ಜಿಂಕೆಯ ಕವಲುಗೊಂಬು ಪ್ರತಿವರ್ಷ ಉದುರಿ ಮತ್ತೆ ಬೆಳೆಯುವುದು. ಕೃಷ್ಣಮೃಗದ ಕೊಂಬು ಹಾಗಲ್ಲ, ಬಂದದ್ದು ಜೀವವಿರುವ ತನಕ. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನದ ಚೂರು ಕಟ್ಟುವ ಪದ್ಧತಿಯನ್ನು ನಮ್ಮ ಹಿರಿಯರು ನೆನೆಸಿಕೊಂಡರು. ಈ ಮೃಗ ಸಹಜವಾಗಿ ತಿರುಗಾಡುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯಲ್ಲಿ ಇದೆಯಷ್ಟೆ. ಈಗ ಅದರ ಚರ್ಮದ ವ್ಯಾಪಾರ ಕಾನೂನಿಗೆ ವಿರುದ್ಧ, ಪ್ರಾಣಿಯೇ ಉಳಿಯಬೇಕಾಗಿದೆ.

ಉಳಿಯುವುದಕ್ಕೆ ಅದಕ್ಕೆ ಬೇಕಾದುದು ದಟ್ಟ ಕಾಡಲ್ಲವೆಂಬುದು ನಮಗೆ ಅಂದು ಹೊಸ ವಿಷಯ. ಕೃಷ್ಣಮೃಗ ಬಯಲಿನ ಜೀವಿ. ದೂರಕ್ಕೆ ಕಣ್ಣು ಹಾಯಬೇಕು, ಓಡುವುದಕ್ಕೆ ತೆರಪು ಬೇಕು. ಓಟವೇ ಅದಕ್ಕಿರುವ ರಕ್ಷಣೆ. ಪೊದೆ ಬೆಳೆದು, ಹೊರಗಿನಿಂದ ಬಂದ ಗಿಡಗಳು ಹಬ್ಬಿ, ಬಯಲು ಕಿರಿದಾಗುತ್ತ ಬಂದರೆ ಚುಕ್ಕೆ ಜಿಂಕೆ ಹೇಗೋ ಬಾಳುತ್ತದೆ, ಕೃಷ್ಣಮೃಗ ಬಾಳದು. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ಇದಕ್ಕೆಂದೇ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. ಆದರೆ ಅದರ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿಯ ಜಯಮಂಗಲಿ ಹುಲ್ಲುಗಾವಲು ಅದಕ್ಕಿಂತ ಎಷ್ಟೋ ಚಿಕ್ಕದು, ಎಂಟುನೂರು ಎಕರೆಯೂ ಇಲ್ಲ. ಬಯಲಾಗಿಯೇ ಉಳಿದದ್ದರಿಂದ ಅಲ್ಲಿ ಚಿಗರಿಯ ಹಿಂಡುಗಳನ್ನೇ ಕಾಣಬಹುದು. ಎಲ್ಲಿ ಖಾಲಿ ನೆಲ ಕಂಡರೂ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ನಮ್ಮ ಉತ್ಸಾಹಿ ಮಿತ್ರರು ಇದನ್ನು ಸ್ವಲ್ಪ ಯೋಚಿಸಬೇಕು. ಹುಲ್ಲು ಬಯಲು ಖಾಲಿ ನೆಲವಲ್ಲ.

ಇನ್ನು ಈ ಕಾಡು ಇಷ್ಟೇ ಏಕಿದೆ ಎಂಬ ಕಥೆ. ಮದರಾಸಿನ ಗವರ್ನರುಗಳಿಗೆ ಊರ ಗದ್ದಲದಿಂದ ದೂರವಾಗಿ ಗಿಂಡಿಯಲ್ಲೊಂದು ಬಂಗಲೆಯಿತ್ತು. ಸುತ್ತಲಿನ ಕಾಡು ಅವರ ಬೇಟೆಗೂ ವಿಹಾರಕ್ಕೂ ಮೀಸಲು. ಬೇಟೆಯ ಹವ್ಯಾಸ ಕಾಡನ್ನು ಕಾಪಾಡಿತೆಂದರೆ ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೆ ನಡೆದದ್ದು ಹಾಗೆಯೇ. 1910ರಲ್ಲಿ ಅದು ಮೀಸಲು ಅರಣ್ಯವಾಯಿತು. ಆಗ ಅದರ ವಿಸ್ತಾರ ಸುಮಾರು 5 ಚದರ ಕಿಲೋಮೀಟರು. ಸ್ವಾತಂತ್ರ್ಯ ಬಂದ ಮೇಲೆ ಬಂಗಲೆ ರಾಜಭವನವಾಯಿತು. 1956ರಲ್ಲಿ ಗಾಂಧಿಮಂಟಪ ಎದ್ದಿತು. 1958ರಲ್ಲಿ ಸುಮಾರು ಒಂದೂವರೆ ಚದರ ಕಿಲೋಮೀಟರನ್ನು ಐ.ಐ.ಟಿ.ಗೆ ಕೊಟ್ಟರು, ಮರುವರ್ಷ ಜರ್ಮನಿಯ ನೆರವಿನಿಂದ ಅದು ಆರಂಭವಾಯಿತು. ಆಮೇಲೆ ರಾಜಾಜಿಯವರ ಸ್ಮಾರಕ, ಕಾಮರಾಜರ ಸ್ಮಾರಕ, ಬೇರೆ ಬೇರೆ ಸಂಸ್ಥೆಗಳು.

ಇವುಗಳಲ್ಲಿ ಯಾವುದನ್ನು ಬೇಡವೆನ್ನೋಣ? ಐ.ಐ.ಟಿ.ಯಲ್ಲಿ ನಮ್ಮ ಕನ್ನಡದ ಮಕ್ಕಳೇ ಎಷ್ಟೋ ಮಂದಿ ಓದಿದ್ದಾರೆ. ಅಲ್ಲಿಯ ಹಾಸ್ಟೆಲುಗಳ ನಡುವೆ ಇಂದಿಗೂ ಜಿಂಕೆಗಳು ಮೇಯುತ್ತವೆ. ಒಂದೊಂದೂ ಒಳ್ಳೆಯ ಕೆಲಸವೇ. ಹಾಗೆ ಒಳ್ಳೆಯ ಕೆಲಸಗಳಿಗೆಂದೇ ಕೊಡುತ್ತ ಕೊಡುತ್ತ ಕಾಡು ಅರ್ಧಕ್ಕೆ ಬಂದಿತು. 1978ರಲ್ಲಿ ಉಳಿದುದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಆದ್ದರಿಂದ ಬಂಡೀಪುರಕ್ಕೆ ಇರುವ ಕಾನೂನೇ ಈ ಗಿಂಡಿಗೂ ಇದೆ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ಇದರ ಗಡಿಯನ್ನು ಒಂದು ಗೇಣೂ ಸರಿಸುವಂತಿಲ್ಲ. ಈ ಘೋಷಣೆ ಇನ್ನಿಪ್ಪತ್ತು ವರ್ಷ ತಡವಾಗಿದ್ದರೆ ನಮ್ಮ ಹುಡುಗನಿಗೆ ತೋರಿಸಲು ಇಲ್ಲಿ ಪಾರ್ಕು ಮಾತ್ರ ಇರುತ್ತಿತ್ತೆಂದು ನಮ್ಮ ಅಭಿಪ್ರಾಯ.

ಗಡಿ ಗಟ್ಟಿಯಾಯಿತು, ಆದರೆ ಗಡಿಯೇ ಒಂದು ತೊಂದರೆಯೂ ಹೌದು. ನಾಲ್ಕೂ ಕಡೆ ಪಟ್ಟಣ ಮುತ್ತಿಕೊಂಡಿದೆ. ಒಳಗಿನ ಜಿಂಕೆ ಇನ್ನೊಂದು ಕಾಡಿಗೆ ಹೋಗಲು ದಾರಿಯಿಲ್ಲ. ಗೋಡೆ ಹಾರಿ ಬರುವ ಬೀದಿನಾಯಿಗಳ ಕಾಟ, ಗಾಳಿಯಲ್ಲಿ ತೂರಿ ಬರುವ ಪ್ಲಾಸ್ಟಿಕ್ ಚೀಲಗಳ ಕಾಟ. ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಬಂದಾಗ ಊರಿನಲ್ಲಿ ಸಾವಿರಾರು ಮರಗಳು ಉರುಳಿದುದು ನಮಗೆಲ್ಲ ನೆನಪಿದೆ. ನಾಲ್ಕು ದಿನ ಕರೆಂಟಿಲ್ಲದೆ ಮೇಣದಬತ್ತಿಯಲ್ಲಿ ಕಳೆದ ಸಂಸಾರಗಳು ನಮ್ಮಲ್ಲಿಯೇ ಇವೆ. ನಮ್ಮ ದಾರಿಯಲ್ಲಿಯೂ ಹಳೆಯ ಮರವೊಂದು ಅಡ್ಡಬಿದ್ದಿತ್ತು. ಕಾಡಿನಲ್ಲಿ ಬಿದ್ದ ಮರವನ್ನು ಸಾಗಿಸುವ ಅವಸರವಿಲ್ಲ. ಅರ್ಧ ಗೆದ್ದಲಿನ ಪಾಲಾಗಿ, ಅರ್ಧದಲ್ಲಿ ಅಣಬೆ ಎದ್ದು, ಬುಡದಿಂದ ಹೊಸ ಚಿಗುರು ಆಳೆತ್ತರ ಬೆಳೆದಿತ್ತು. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ, ಕೃಷ್ಣಮೃಗದ ಮುಂದಲ್ಲ.

ಊರಿಗೆ ಈ ಕಾಡಿನಿಂದ ಏನು ಲಾಭ ಎಂದು ಕೇಳುವವರೂ ಉಂಟು. 2015ರ ಡಿಸೆಂಬರಿನಲ್ಲಿ ನೆರೆಯಲ್ಲಿ ಮುಳುಗಿದ ಊರೇ 2019ರ ಜೂನಿನಲ್ಲಿ ಕೊಡ ನೀರಿಗೆ ಟ್ಯಾಂಕರಿನ ಹಿಂದೆ ಓಡಿತು. ಕಾಂಕ್ರೀಟು ಮುಚ್ಚದ ನೆಲದಲ್ಲಿ ಬಿದ್ದ ಮಳೆ ಎಲೆಗೊಬ್ಬರದ ಮೂಲಕ ಕೆಳಗಿಳಿಯುತ್ತದೆ, ತಗ್ಗಿನ ಕೊಳಗಳಲ್ಲಿ ನಿಲ್ಲುತ್ತದೆ; ಬೀದಿಗೆ ಹರಿಯುವುದು ಅಷ್ಟು ಕಡಿಮೆ, ಬಾವಿಗೆ ಇಳಿಯುವುದು ಅಷ್ಟು ಹೆಚ್ಚು. ಮಳೆಗಾಲ ಕಳೆದು ತಿಂಗಳಾದ ಮೇಲೂ ಕೊಳದಲ್ಲಿ ನೀರಿತ್ತು. ಬೆಳ್ಳಕ್ಕಿಗಳು ಒಂಟಿಕಾಲಿನಲ್ಲಿ ನಿಂತಿದ್ದವು. ನೆರಳಿನಿಂದ ಹೊರಗೆ ರಸ್ತೆಗೆ ಕಾಲಿಟ್ಟ ಕ್ಷಣ ಮುಖಕ್ಕೆ ಹೊಡೆದ ಬಿಸಿಯಿಂದ ಉಳಿದ ಲೆಕ್ಕವೂ ಅರ್ಥವಾಯಿತು.

ಬುತ್ತಿಯನ್ನು ಒಳಗೆ ಬಿಚ್ಚಲಿಲ್ಲ. ಜಿಂಕೆ ಕೋತಿಗಳಿರುವ ಕಡೆ ಚಿತ್ರಾನ್ನದ ಡಬ್ಬಿ ತೆರೆಯುವುದು ನಮಗೂ ಅವಕ್ಕೂ ಕ್ಷೇಮವಲ್ಲ. ಮಂದವೇಲಿಯಲ್ಲಿ ನಮ್ಮವರೊಬ್ಬರ ಮನೆಯ ಮಹಡಿಯ ಮೇಲೆ ಎಲೆ ಹಾಕಿ ಕುಳಿತೆವು. ಚಿತ್ರಾನ್ನ, ಮೊಸರನ್ನ, ಕೋಡುಬಳೆ. ಮನೆಯವರು ಬಿಸಿಬಿಸಿಯಾಗಿ ಮಾಡಿಟ್ಟಿದ್ದ ಹುಳಿ. ಊಟದ ನಡುವೆ ಆ ಹುಡುಗನನ್ನು, ‘ಈಗ ಹೇಳು, ಕಾಡು ಪಾರ್ಕಿನ ಹಾಗೆಯೇ?’ ಎಂದು ಯಾರೋ ಕೆಣಕಿದರು. ‘ಪಾರ್ಕಿನಲ್ಲಿ ಬಿದ್ದ ಮರವನ್ನು ತೆಗೆದುಬಿಡುತ್ತಾರೆ’ ಎಂದ. ಇಷ್ಟು ಹೇಳಿ ಕೋಡುಬಳೆಯ ಕಡೆ ಗಮನ ಕೊಟ್ಟ.

ಹೋಗಬೇಕೆನ್ನುವವರಿಗೆ ಕೆಲವು ಸೂಚನೆಗಳು. ಡಿಸೆಂಬರಿನ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಹುಲ್ಲು ಹಸಿರಾಗಿರುತ್ತದೆ. ಬೆಳಿಗ್ಗೆ ಬೇಗ ಹೊರಡಿ. ಒಳಕಾಡಿನ ಅನುಮತಿಗೆ ಕೆಲವು ವಾರ ಮೊದಲೇ ಬರೆಯಿರಿ. ಅದು ಸಿಗದಿದ್ದರೂ ಮಕ್ಕಳ ಉದ್ಯಾನದ ಬೇಲಿಯ ಅಂಚಿನಿಂದಲೇ ಈ ಮರಗಳಲ್ಲಿ ಬಹಳಷ್ಟನ್ನು ನೋಡಬಹುದು. ವಾರದ ರಜೆ ಯಾವತ್ತೆಂದು ವಿಚಾರಿಸಿಕೊಳ್ಳಿ. ಚೂಪು ಬಣ್ಣದ ಸೀರೆ ಅಂಗಿಗಳು ಬೇಡ, ಕಾಲಿಗೆ ಗಟ್ಟಿ ಚಪ್ಪಲಿಯೋ ಬೂಟೋ ಇರಲಿ, ಪ್ಲಾಸ್ಟಿಕ್ ಚೀಲ ಮನೆಯಲ್ಲಿಯೇ ಇರಲಿ. ಒಂದು ಎಲೆಯನ್ನೂ ಕಿತ್ತು ತರುವಂತಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ‘ನಡೆಯಲಾಗುವುದಿಲ್ಲ’ ಎಂದು ಬಿಟ್ಟುಹೋಗಬೇಡಿ. ದಾರಿ ಸಮತಟ್ಟು, ಮೇಲಾಗಿ ಗಿಡಗಳ ಕನ್ನಡ ಹೆಸರು ಅವರ ಹೊರತು ಬೇರೆ ಯಾರಿಗೂ ಗೊತ್ತಿಲ್ಲ. ಅಂದು ಗುರುತಿಸಿದ ಇಪ್ಪತ್ತೆರಡು ಗಿಡಮರಗಳ ಹೆಸರುಗಳನ್ನು ಕನ್ನಡ, ತಮಿಳು ಎರಡರಲ್ಲಿಯೂ ಬರೆದಿಟ್ಟಿದ್ದೇವೆ. ಪಟ್ಟಿ ಭಾನುವಾರದ ಪಾಠದ ಕೋಣೆಯಲ್ಲಿ ಗೋಡೆಯ ಮೇಲಿದೆ. ಮೂರು ಗಿಡಗಳ ಮುಂದೆ ಕನ್ನಡದ ಜಾಗ ಖಾಲಿಯಾಗಿದೆ. ಬಲ್ಲವರು ಬಂದು ತುಂಬಿಸಬೇಕು. ಕವಳಿಕಾಯಿಯ ಉಪ್ಪಿನಕಾಯಿಯ ವಿಧಾನವನ್ನು ಅಜ್ಜಿಯಿಂದ ಬರೆಸಿಕೊಂಡು, ಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ, ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.